ಸಾಹೇಬರ ಕುರ್ಚಿಯ ಮೇಲೆ ಸಿಕ್ಕ ಬಿಳಿ ಪುಡಿ

ನಾಲ್ಕು ತಾಲ್ಲೂಕುಗಳ ಸಂಯುಕ್ತ ಕಚೇರಿ, ಮಧುಗಿರಿ
(ವ್ಯಾಪ್ತಿ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ)

ಸಂಖ್ಯೆ: ನಾತಾಸಂಕ/ಕುರ್ಚಿ/ಬೆವರು/07/2025-26
ದಿನಾಂಕ: 25.04.2025

ಸುತ್ತೋಲೆ

ವಿಷಯ: ಹಿರಿಯ ಅಧಿಕಾರಿಯವರ ಕುರ್ಚಿಯ ಮೇಲೆ ಪತ್ತೆಯಾದ ಬಿಳಿ ಪುಡಿಯು ಮಾಟವಲ್ಲ, ಕಂಕುಳಿನ ಪುಡಿ ಎಂದು ಸ್ಪಷ್ಟಪಡಿಸುವ ಬಗ್ಗೆ, ಸದರಿ ಪುಡಿಯನ್ನು ಮನೆಯಲ್ಲೇ ತಯಾರಿಸುವ ಕ್ರಮದ ಬಗ್ಗೆ, ಹಾಗೂ ಡಿ ಗ್ರೂಪ್ ನೌಕರರಾದ ಶ್ರೀಮತಿ ಚಿಕ್ಕಹನುಮಕ್ಕನವರ ವರ್ಗಾವಣೆಯ ಬಗ್ಗೆ.

ಉಲ್ಲೇಖ:
1) ಈ ಕಚೇರಿಯ ಸುತ್ತೋಲೆ ಸಂಖ್ಯೆ 04, ದಿ. 08.04.2025 (ಮಾಟ ಕಂಡುಬಂದಲ್ಲಿ ಸಿಬ್ಬಂದಿಯು ಜ್ಯೇಷ್ಠತೆಯ ಪ್ರಕಾರ ಓಡುವ ಬಗ್ಗೆ).
2) ವರ್ಗಾವಣೆ ಆದೇಶ, ದಿ. 16.04.2025.
3) ಮೇಲಿನ ಕಚೇರಿಯ ಆಕ್ಷೇಪಣೆ, ದಿ. 24.04.2025 (ಎರಡು ಸಾಲು ಮಾತ್ರ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಳೆದ ಹದಿನೆಂಟು ದಿನಗಳಿಂದ ಈ ಕಚೇರಿಯಲ್ಲಿ ಒಂದು ಕಡತವೂ ನೆಟ್ಟಗೆ ಮುಂದೆ ಹೋಗಿಲ್ಲವೆಂಬುದು ನಾಲ್ಕೂ ತಾಲ್ಲೂಕುಗಳ ಸಿಬ್ಬಂದಿಗೆ, ಸಾರ್ವಜನಿಕರಿಗೆ ಮತ್ತು ಎದುರಿನ ಟೀ ಅಂಗಡಿಯವರಿಗೆ ತಿಳಿದ ಸಂಗತಿ. ಕಡ್ಡಿಯನ್ನು ಗುಡ್ಡ ಮಾಡುವವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ಈ ಕಚೇರಿಯಲ್ಲಿ ಮಂಜೂರಾದ ಹುದ್ದೆಗಳಿಗಿಂತ ಹೆಚ್ಚಿಗೆ ಇದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಈ ಮೂಲಕ ದಾಖಲಿಸಲಾಗಿದೆ.

ಹಿನ್ನೆಲೆ

1. ದಿನಾಂಕ 07.04.2025ರ ಸೋಮವಾರ ಬೆಳಿಗ್ಗೆ 11.40ಕ್ಕೆ ಪ್ರಥಮ ದರ್ಜೆ ಸಹಾಯಕರಾದ ಶ್ರೀ ಗಂಗಾಧರಯ್ಯನವರು ಸಹಿಗೆಂದು ಹಿರಿಯ ಅಧಿಕಾರಿಯವರ ಕೊಠಡಿಗೆ ಹೋಗಿರುತ್ತಾರೆ. ಅಧಿಕಾರಿಯವರ ಕುರ್ಚಿಯ ಬೆನ್ನಿಗೆ ಹೊದಿಸುವ ಟರ್ಕಿ ಟವೆಲಿನ ಮಡಿಕೆಯಲ್ಲಿ ಬಿಳಿ ಪುಡಿ ಕಂಡುಬಂದಿರುತ್ತದೆ. ಬಗ್ಗಿ ನೋಡಲಾಗಿ, ಕುರ್ಚಿಯ ಕೆಳಗೆ ಒಂದು ಸ್ಟೀಲಿನ ಡಬ್ಬಿ, ಬಟ್ಟೆಯಲ್ಲಿ ಕಟ್ಟಿದ ಪಟಿಕದ ಕಲ್ಲು, ಅರ್ಧ ನಿಂಬೆಹಣ್ಣು, ಕರ್ಪೂರ ಮತ್ತು ಯಾವುದೋ ಬೇರು ಇದ್ದವು. ಪಟಿಕವೆಂದರೆ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಕಲ್ಲು. ಅದನ್ನೇ ದೃಷ್ಟಿ ತಾಗದಿರಲೆಂದು ಬಾಗಿಲಿಗೂ ಕಟ್ಟುತ್ತಾರೆ. ಶ್ರೀ ಗಂಗಾಧರಯ್ಯನವರಿಗೆ ಬಾಗಿಲು ನೆನಪಾಯಿತು, ಗಲ್ಲ ನೆನಪಾಗಲಿಲ್ಲ.

2. ಆ ವೇಳೆಯ ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಏಳಿ ಸಾರ್, ಏಳಿ ಮೇಲಕ್ಕೆ! ಯಾರೋ ಮಾಡ್ಸ್ಬುಟ್ಟವ್ರೆ! ನಮ್ ಕೊಳಾಲದಾಗೆ ಒಬ್ರಿಗೆ ಇಂಗೇ ಮಾಡ್ಸಿ, ಅವ್ರ ಎಮ್ಮೆ ಮೂರು ದಿನ ಹಾಲೇ ಕೊಡ್ನಿಲ್ಲ ಸಾರ್!" ಹಿರಿಯ ಅಧಿಕಾರಿಯವರಿಗೆ ಎಮ್ಮೆ ಇರುವುದಿಲ್ಲ. ಆದಾಗ್ಯೂ ಅವರು ಎದ್ದರು. ಎದ್ದ ರಭಸಕ್ಕೆ ಕನ್ನಡಕ ಮೊದಲು ಹೊರಗೆ ಬಿದ್ದು, ಅವರು ಆಮೇಲೆ ಹೊರಗೆ ಬಂದರು.

3. ಡಬ್ಬಿಯನ್ನು ಟೀ ಅಂಗಡಿಯ ಇಕ್ಕಳದಿಂದ ಎತ್ತಿ ಬಕೆಟ್ಟಿನಲ್ಲಿಟ್ಟು, ಬಕೆಟ್ಟನ್ನು ಬೀರುವಿನಲ್ಲಿಟ್ಟು, ಬೀರುವಿಗೆ ಬೀಗ ಹಾಕಲಾಯಿತು. ಹಿರಿಯ ಅಧಿಕಾರಿಯವರು ಅಂದಿನಿಂದ ಟೀ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಹೊರಗಿನ ಜಗಲಿಯಲ್ಲೇ ಆಡಳಿತ ನಡೆಸಿದರು. ಸ್ಟೂಲಿಗೆ ಬೆನ್ನಿಲ್ಲದ ಕಾರಣ ಹೊಸ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡಿದ್ದು, ಕೊರಟಗೆರೆಯಿಂದ ಬಂದ ಇಬ್ಬರು ಅರ್ಜಿದಾರರು ಅವರನ್ನು ನೋಡಿ "ಎಲ್ಡು ಟೀ, ಸಕ್ರೆ ಕಮ್ಮಿ" ಎಂದ ಪ್ರಸಂಗವನ್ನು ಮರೆಯಲು ತೀರ್ಮಾನಿಸಲಾಗಿದೆ.

4. ಟವೆಲ್ ಒಗೆಯುವವರೂ ಕೊಠಡಿಯ ಬೀಗ ತೆಗೆಯುವವರೂ ಶ್ರೀಮತಿ ಚಿಕ್ಕಹನುಮಕ್ಕನವರೇ ಆದ್ದರಿಂದ ಅವರನ್ನು ವಿಚಾರಿಸಲಾಯಿತು. "ನಾನೇ ಹಾಕಿದ್ದು ಸಾರ್. ಮಾಟ ಅಲ್ಲ. ಯಾತಕ್ಕೆ ಅಂತ ಮಾತ್ರ ಕೇಳ್ಬೇಡಿ, ಯೋಳಾಕಿಲ್ಲ" ಎಂದರು. ಮೂರು ಸಲ ಕೇಳಿದರೂ ಅದೇ ಉತ್ತರ. ಆದ್ದರಿಂದ ಅವರನ್ನು ಐ.ಡಿ.ಹಳ್ಳಿಯಲ್ಲಿರುವ ಹಳೇ ಕಡತಗಳ ಉಗ್ರಾಣಕ್ಕೆ ವರ್ಗಾಯಿಸಿ, 28.04.2025ರ ಸೋಮವಾರ ಬೆಳಿಗ್ಗೆ 10.30ಕ್ಕೆ ಹಾಜರಾಗಲು ಆದೇಶಿಸಲಾಯಿತು. ಶ್ರೀಮತಿಯವರ ಮನೆ ಕಚೇರಿಯ ಹಿಂದಿನ ಬೀದಿಯಲ್ಲಿದ್ದು, ಪ್ರತಿದಿನ ಮಧ್ಯಾಹ್ನ ಹೋಗಿ ಹಾಸಿಗೆ ಹಿಡಿದ ಅತ್ತೆಗೆ ಊಟ ಮಾಡಿಸಿ ಬರುತ್ತಾರೆ. ಐ.ಡಿ.ಹಳ್ಳಿಯಿಂದ ಹಾಗೆ ಬಂದು ಹೋಗಲಾಗದು. ಇದು ಆದೇಶಕ್ಕೆ ಸಹಿ ಮಾಡಿದವರಿಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಮಾಡಲಾಗಿದೆ.

5. ಶ್ರೀಮತಿಯವರು ಪುಡಿ ಹಾಕುವುದನ್ನು ನಿಲ್ಲಿಸಿದ ಮೂರನೇ ದಿನದಿಂದ ಸಿಬ್ಬಂದಿಯವರು ಕಡತಗಳನ್ನು ಕಿಟಕಿಯ ಸರಳಿನ ಸಂದಿಯಿಂದ ನೀಡಲಾರಂಭಿಸಿದರು. ಕಂಪ್ಯೂಟರ್ ಸಹಾಯಕಿ ಕು. ಅನುಷಾ ಅವರು ತಮ್ಮ ಫ್ಯಾನನ್ನು ಜಗಲಿಯ ಕಡೆಗೆ ತಿರುಗಿಸಿದರು. ಅರ್ಜಿದಾರರು ದೂರದಿಂದಲೇ ಕೈ ಮುಗಿದರು. ಇದೆಲ್ಲವೂ ಮಾಟದ ಭಯವೆಂದು, ಒಂದಿಷ್ಟು ಗೌರವವೂ ಇರಬಹುದೆಂದು ಆಗ ನಮೂದಿಸಲಾಗಿತ್ತು. ಸದರಿ ನಮೂದನ್ನು ಈಗ ಹೊಡೆದುಹಾಕಲಾಗಿದೆ.

6. ದಿನಾಂಕ 22.04.2025ರಂದು ಶಿರಾದ ಅತ್ತರು ವ್ಯಾಪಾರಿ ಜನಾಬ್ ಇನಾಯತುಲ್ಲಾ ಅವರು ಶ್ರೀಮತಿ ಚಿಕ್ಕಹನುಮಕ್ಕನವರನ್ನು ಹುಡುಕಿಕೊಂಡು ಬಂದರು. ಮಾಟದ ಕಥೆ ಕೇಳಿ ನಕ್ಕರು. ಬೀರುವಿನ ಬೀಗ ತೆಗೆಸಿ, ಇಕ್ಕಳವಿಲ್ಲದೆ ಬರಿಗೈಯಲ್ಲೇ ಡಬ್ಬಿ ಎತ್ತಿ, ಮುಚ್ಚಳ ತೆಗೆದು ಮೂಸಿದರು. "ಯಾ ಅಲ್ಲಾ! ಜಾದೂನೂ ಇಲ್ಲ, ಏನೂ ಇಲ್ಲ ಸಾಬ್. ಖಸ್ ಇದು, ನಿಮ್ ಲಾವಂಚ. ಆರು ವರ್ಷದಿಂದ ಹನುಮಕ್ಕ ಆಪಾಗೆ ನಾನೇ ಕೊಡ್ತಾ ಇದೀನಿ. ಬಗಲಿಗೆ ಹಾಕೋ ಪುಡಿ. ಬೆವರು ವಾಸನೆ ಹೋಗುತ್ತೆ" ಎಂದರು. ಯಾರ ಬಗಲಿಗೆ ಎಂದು ಕೇಳಲಾಗಿ, ಡಬ್ಬಿಯನ್ನು ತಿರುಗಿಸಿ ತಳ ತೋರಿಸಿದರು. ತಳದಲ್ಲಿ ಕೊರೆದಿದ್ದ ಹೆಸರನ್ನು ಈ ಹಂತದಲ್ಲಿ ನಮೂದಿಸುವ ಅಗತ್ಯವಿಲ್ಲವೆಂದು ಅಭಿಪ್ರಾಯಪಡಲಾಗಿದೆ.

ಸೂಚನೆಗಳು

7. ಮೊದಲನೆಯದಾಗಿ, ಸದರಿ ವಾಸನೆಯು ಕುರ್ಚಿಯದೆಂದು ಭಾವಿಸತಕ್ಕದ್ದು.

8. ವಿಷಯ ಬಯಲಾದ ಅರ್ಧ ಗಂಟೆಯೊಳಗೆ ನಾಲ್ಕೂ ತಾಲ್ಲೂಕುಗಳ ಸಿಬ್ಬಂದಿ "ನಮ್ಗೂ ಒಂಚೂರು" ಎಂದು ಮುಗಿಬಿದ್ದಿರುವುದರಿಂದ, ತಯಾರಿಕೆಯನ್ನು ಈ ಕೆಳಕಂಡಂತೆ ಕ್ರಮಬದ್ಧಗೊಳಿಸಲಾಗಿದೆ. ಆರಾರೂಟ್ ಪುಡಿ ನಾಲ್ಕು ಚಮಚ. ನೆರಳಲ್ಲಿ ಒಣಗಿಸಿ ಕುಟ್ಟಿ ಜರಡಿ ಹಿಡಿದ ಲಾವಂಚದ ಬೇರು ಒಂದು ಚಮಚ. ನುಣ್ಣಗೆ ಪುಡಿ ಮಾಡಿದ ಪಟಿಕ ಅರ್ಧ ಚಮಚ. ಅಡುಗೆ ಸೋಡಾ ಒಂದು ಚಿಟಿಕೆ. ಚರ್ಮ ಉರಿಯುವವರು ಅದನ್ನೂ ಬಿಡತಕ್ಕದ್ದು. ಖಸ್ ಅತ್ತರು ಎರಡು ಹನಿ. ನಿಂಬೆಹಣ್ಣು ಟವೆಲಿನ ಕಲೆ ಉಜ್ಜಲಿಕ್ಕೆ, ಕರ್ಪೂರ ಡಬ್ಬಿಯ ಹತ್ತಿರ ಇರುವೆ ಸುಳಿಯದಿರಲಿಕ್ಕೆ. ಇವೆರಡನ್ನೂ ಕಂಡು ಯಾರೂ ಓಡತಕ್ಕದ್ದಲ್ಲ. ಉಲ್ಲೇಖ (1)ರ ಸುತ್ತೋಲೆಯನ್ನು ಹಿಂಪಡೆಯಲಾಗಿದೆ.

9. 'ಚಿಟಿಕೆ' ಎಂದರೆ ಶ್ರೀಮತಿ ಚಿಕ್ಕಹನುಮಕ್ಕನವರ ಬೆರಳಿನ ಚಿಟಿಕೆ. ಶ್ರೀ ಗಂಗಾಧರಯ್ಯನವರ ಚಿಟಿಕೆಯು ಒಂದು ಹಿಡಿಗೆ ಸಮನಾಗಿರುವುದು ಅಳತೆಯಿಂದ ದೃಢಪಟ್ಟಿದೆ. ಅವರು ಈಗ ಎರಡು ದಿನದಿಂದ ಕೈಗಳನ್ನು ದೇಹಕ್ಕೆ ತಾಕಿಸದೆ ನಡೆಯುತ್ತಿದ್ದಾರೆ.

10. ಆರಾರೂಟ್ ಬದಲಿಗೆ ರಾಗಿ ಹಿಟ್ಟನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. ಪಾವಗಡ ಶಾಖೆಯ ಶ್ರೀ ಯುವರಾಜ್ ಅವರು ಸ್ವಂತ ಜವಾಬ್ದಾರಿಯಲ್ಲಿ ಪ್ರಯೋಗ ನಡೆಸಿ, ಮಧ್ಯಾಹ್ನ ಎರಡು ಗಂಟೆಗೆ ದೂರವಾಣಿಯಲ್ಲಿ "ಏಮಿ ಸಾರ್ ಇದಿ, ಕಂಕುಳಾಗೆ ಅಂಬ್ಲಿ ಕಾಯ್ತಾ ಐತೆ!" ಎಂದು ವರದಿ ಸಲ್ಲಿಸಿದ್ದಾರೆ. ಪಾವಗಡದ ಬಿಸಿಲಿನಲ್ಲಿ ಇನ್ನೊಂದು ಗಂಟೆ ಬಿಟ್ಟಿದ್ದರೆ ಮುದ್ದೆಯೇ ಆಗುತ್ತಿತ್ತೆಂಬುದು ಈ ಕಚೇರಿಯ ಅಭಿಪ್ರಾಯ.

11. ಪುಡಿ ಹಚ್ಚಿಕೊಂಡ ಸಿಬ್ಬಂದಿ ಅದು ಕೂರುವವರೆಗೆ ಎರಡು ನಿಮಿಷ ಕೈ ಎತ್ತಿಕೊಂಡಿರಬಹುದು. ಆದರೆ ಸಭೆ ನಡೆಯುತ್ತಿರುವಾಗ ಎತ್ತತಕ್ಕದ್ದಲ್ಲ. ಬುಧವಾರದ ಸಭೆಯಲ್ಲಿ ಹೀಗೆ ಕೈ ಎತ್ತಿದ ಒಂಬತ್ತು ಮಂದಿಯನ್ನು ಭಾನುವಾರ ಕೆಲಸಕ್ಕೆ ಬರಲು ಒಪ್ಪಿದವರೆಂದು ನಡಾವಳಿಯಲ್ಲಿ ಬರೆದುಕೊಳ್ಳಲಾಗಿದ್ದು, ಅದನ್ನು ತಿದ್ದಲು ಬರುವುದಿಲ್ಲ.

12. ಕೊರಟಗೆರೆ ಕಡೆಯಿಂದ ಖಾಸಗಿ ಬಸ್ಸಿನಲ್ಲಿ ನಿಂತು ಬರುವವರು ಮೇಲಿನ ಕಂಬಿ ಹಿಡಿಯುವ ಮುನ್ನ ಪುಡಿ ಹಚ್ಚಿರುವುದನ್ನು ಖಾತ್ರಿಪಡಿಸಿಕೊಳ್ಳತಕ್ಕದ್ದು. ನಿಂತವರ ಕಂಕುಳೂ ಕೂತವರ ಮೂಗೂ ಒಂದೇ ಎತ್ತರದಲ್ಲಿ ಬರುವಂತೆ ಬಸ್ಸುಗಳನ್ನು ಕಟ್ಟಲಾಗಿದ್ದು, ಈ ಕುರಿತು ನಮ್ಮ ಇಲಾಖೆ ಏನೂ ಮಾಡಲಾಗದು. ಮರೆತು ಬಂದವರು ಮಧುಗಿರಿ ಬರುವವರೆಗೆ ಸಮತೋಲನವನ್ನು ಕಾಲಿನಿಂದಲೇ ಕಾಯ್ದುಕೊಳ್ಳತಕ್ಕದ್ದು.

13. ವಾಸನೆ ಪರಿಶೀಲನಾ ಸಮಿತಿಯೊಂದನ್ನು ರಚಿಸಿ, ಶ್ರೀ ಗಂಗಾಧರಯ್ಯನವರನ್ನು ಅಧ್ಯಕ್ಷರನ್ನಾಗಿ ನೇಮಿಸಲಾಗಿದೆ. ಅವರು ಮೂವತ್ತು ವರ್ಷಗಳಿಂದ ನಶ್ಯ ಏರಿಸುತ್ತಿದ್ದು, ಅವರ ಮೂಗಿಗೆ ಯಾವ ವಾಸನೆಯೂ ತಿಳಿಯದು. ಇದರಿಂದ ಅವರು ಪಕ್ಷಪಾತ ಮಾಡುವ ಪ್ರಶ್ನೆಯೇ ಇಲ್ಲ. ಇಡೀ ಕಚೇರಿಗೆ ಆರು ವರ್ಷದಿಂದ ಗೊತ್ತಿದ್ದ ಪುಡಿಯ ವಿಷಯ ಅವರೊಬ್ಬರಿಗೆ ಗೊತ್ತಿರಲಿಲ್ಲವೇಕೆ ಎಂಬುದಕ್ಕೂ ಇದೇ ವಿವರಣೆ. ಗೊತ್ತಿರದಿದ್ದ ಎರಡನೆಯವರ ಬಗ್ಗೆ ಮುಂದೆ ತಿಳಿಸಲಾಗುವುದು.

ಆಕ್ಷೇಪಣೆ ಮತ್ತು ಆದೇಶ

14. ಶ್ರೀಮತಿ ಚಿಕ್ಕಹನುಮಕ್ಕನವರ ವರ್ಗಾವಣೆಯನ್ನು ರದ್ದುಪಡಿಸಲು 23.04.2025ರಂದು ಮೇಲಿನ ಕಚೇರಿಗೆ ಪ್ರಸ್ತಾವನೆ ಕಳಿಸಿ, "ಕುರ್ಚಿಯಿಂದ ವಾಸನೆ ಬರುತ್ತಿದ್ದ ಕಾರಣ ಸದರಿ ನೌಕರರು ಸದುದ್ದೇಶದಿಂದ ಪುಡಿ ಹಾಕಿರುತ್ತಾರೆ" ಎಂದು ಕಾರಣ ನೀಡಲಾಗಿತ್ತು. ಕಡತ ಮರುದಿನವೇ ವಾಪಸು ಬಂದಿದೆ. ಆರು ವರ್ಷದಲ್ಲಿ ಅಲ್ಲಿಂದ ಇಷ್ಟು ಬೇಗ ಯಾವ ಕಡತವೂ ಬಂದದ್ದಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ ಹೀಗಿದೆ: "ಕುರ್ಚಿಗೆ ಕಂಕುಳಿಲ್ಲ. ಸರಿಯಾದ ಕಾರಣವನ್ನು ಸುತ್ತೋಲೆಯಲ್ಲೇ ಬರೆದು ನಾಳೆಯೊಳಗೆ ಹೊರಡಿಸಿದಲ್ಲಿ ರದ್ದತಿಗೆ ಒಪ್ಪಿದೆ, ಇಲ್ಲವಾದರೆ ಸೋಮವಾರ ವರ್ಗಾವಣೆ ಊರ್ಜಿತ."

15. ಆದ್ದರಿಂದ ಸರಿಯಾದ ಕಾರಣವನ್ನು ಬರೆಯಬೇಕಾಗಿ ಬಂದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವ ಗಾದೆಯಂತೆ, ಕೆಂಪು ಶಾಯಿ ಓದಿದೊಡನೆ ಯಾರ ಕೈ ಯಾರ ಕಂಕುಳಿಗೆ ಹೋಯಿತು ಎಂಬುದನ್ನು ಕು. ಅನುಷಾ ಅವರು ಕಣ್ಣಾರೆ ಕಂಡಿದ್ದಾರೆ. ಮುಚ್ಚಿಡಲು ಇನ್ನೇನೂ ಉಳಿದಿಲ್ಲ. ಡಬ್ಬಿಯ ತಳದಲ್ಲಿ ಕೊರೆದಿರುವುದು: "ನರಸಿಂಹರಾಜು – ಸಿದ್ದಗಂಗಮ್ಮ, ಮದುವೆ, 1999."

ಅಂದರೆ ನಮ್ಮ ಮದುವೆಗೆ ಬಂದ ಡಬ್ಬಿ. ನನ್ನ ಹೆಂಡತಿ ಆರು ವರ್ಷದಿಂದ ವಾರಕ್ಕೊಮ್ಮೆ ಇದನ್ನು ಬಟ್ಟೆ ಚೀಲದಲ್ಲಿ ಸುತ್ತಿ "ಹನುಮಕ್ಕಂಗೆ ಕೊಡಿ, ಚಟ್ನಿಪುಡಿ" ಎನ್ನುತ್ತಿದ್ದಳು. ನಾನೇ ಹೊತ್ತು ತಂದು ಕೊಟ್ಟಿದ್ದೇನೆ. ಒಳಗಿರುತ್ತಿದ್ದದ್ದು ಆರಾರೂಟ್, ಉಳಿದದ್ದನ್ನು ಬೆರೆಸುತ್ತಿದ್ದವರು ಹನುಮಕ್ಕ. ನನಗಿಲ್ಲದ ಚಟ್ನಿಪುಡಿ ಡಿ ಗ್ರೂಪಿಗೆ ಏಕೆ ಎಂದು ಒಳಗೊಳಗೇ ಉರಿದುಕೊಂಡೂ ಇದ್ದೇನೆ. ಏಳನೇ ತಾರೀಖು ಮಗಳ ಬಾಣಂತನಕ್ಕೆಂದು ಶಿರಾಕ್ಕೆ ಹೊರಟವಳು ಮೂರು ವಾರಕ್ಕಾಗುವಷ್ಟು ತುಂಬಿ ಕೊಟ್ಟಳು. ಅಷ್ಟನ್ನು ಇಡಲು ಜಾಗವಿಲ್ಲದೆ ಹನುಮಕ್ಕ ಕುರ್ಚಿಯ ಕೆಳಗಿಟ್ಟರು. ಹೆಂಡತಿ ಹೆದರಿಯಾಳೆಂದು ಮಾಟದ ಸುದ್ದಿಯನ್ನು ನಾನು ಅವಳಿಗೆ ಹೇಳಲೇ ಇಲ್ಲ. ಬುಧವಾರ ಶಿರಾಕ್ಕೇ ಹೋಗಿ ಕೇಳಿದೆ. "ಮದ್ವೆಯಾದ ವಾರವೇ ಯೋಳೋಣ ಅನ್ಕಂಡೆ ಕಣ್ರೀ. ಹೊಸ ಅಂಗಿ ಹಾಕ್ಕಂಡು ಅಷ್ಟು ಖುಷಿಯಾಗಿದ್ರಿ. ನಾಳೆ ಯೋಳಿದ್ರಾಯ್ತು ಅಂತ ಬುಟ್ಬುಟ್ಟೆ" ಎಂದಳು. ಆ ನಾಳೆಗೆ ಇಪ್ಪತ್ತಾರು ವರ್ಷವಾಗಿದೆ.

ಹನುಮಕ್ಕನನ್ನೂ ಮತ್ತೆ ಕೇಳಿದೆ, ಬಾಯಿ ಬಿಟ್ಟು ಹೇಳಿದ್ದರೆ ವರ್ಗಾವಣೆಯೇ ಆಗುತ್ತಿರಲಿಲ್ಲವಲ್ಲ ಎಂದು. ಅವರ ಹೇಳಿಕೆ: "ಏನಂತ ಯೋಳ್ಳಿ ಸಾರ್? ನಮ್ ಯಜಮಾನ್ರು ತೀರ್ಕಂಡಾಗ ಅವ್ರ ಕೆಲ್ಸ ನನ್ಗೆ ಕೊಡ್ಸಾಕೆ ನೀವು ಬಿಸ್ಲಾಗೆ ಎಷ್ಟು ಸಲ ತುಮಕೂರಿಗೆ ಅಲೆದ್ರಿ. ಅಂಗಿ ಎಲ್ಲಾ ನೆಂದೋಗಿರ್ತಿತ್ತು. ಆ ಬೆವ್ರು ನಾರ್ತೈತೆ ಅಂತ ನಾನ್ ಯಂಗೆ ಯೋಳ್ಳಿ? ಐ.ಡಿ.ಹಳ್ಳಿಗೇ ಓಯ್ತೀನಿ ಬುಡಿ ಅನ್ಕಂಡೆ." ಇದನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ಕಚೇರಿ ಕೆಲಸ ಸ್ಥಗಿತಗೊಂಡಿತ್ತು. ನನಗೆ ಅಳು ಬಂದಿತ್ತು.

16. ಮೇಲಿನ ಕಾರಣಗಳಿಂದ ಕಂಡಿಕೆ 7ನ್ನು ಕೈಬಿಡಲಾಗಿದೆ. ಸದರಿ ವಾಸನೆ ನನ್ನದು. ಕಂಕುಳು ನನ್ನದು. ತಪ್ಪೂ ನನ್ನದೇ. ಶ್ರೀಮತಿ ಚಿಕ್ಕಹನುಮಕ್ಕನವರ ವರ್ಗಾವಣೆ ರದ್ದಾಗಿದೆ.

(ನರಸಿಂಹರಾಜು)
ಹಿರಿಯ ಅಧಿಕಾರಿ, ನಾಲ್ಕು ತಾಲ್ಲೂಕುಗಳ ಸಂಯುಕ್ತ ಕಚೇರಿ, ಮಧುಗಿರಿ
(ಕುರ್ಚಿಯಲ್ಲಿ ಕೂತು ಸಹಿ ಮಾಡಲಾಗಿದೆ)

ಬೆರಳಚ್ಚು: ಕು. ಅನುಷಾ (ನಡುವೆ ಮೂರು ಸಲ ಹೊರಗೆ ಹೋಗಿ ನಕ್ಕು ಬಂದಿರುವುದನ್ನು ಗಮನಿಸಲಾಗಿದೆ)

ಪ್ರತಿಗಳು:
1. ಮೇಲಿನ ಕಚೇರಿಗೆ: ಕುರ್ಚಿಗೆ ಕಂಕುಳಿಲ್ಲವೆಂಬ ತಮ್ಮ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಒಪ್ಪಲಾಗಿದೆ.
2. ಎದುರಿನ ಟೀ ಅಂಗಡಿಗೆ: ಸ್ಟೂಲ್ ಮತ್ತು ಇಕ್ಕಳವನ್ನು ಇದರೊಂದಿಗೆ ಹಿಂದಿರುಗಿಸಿದೆ.
3. ಶ್ರೀ ಯುವರಾಜ್, ಪಾವಗಡ ಶಾಖೆ: ಅಂಗಿ ಒಗೆದ ಬಗ್ಗೆ ಅನುಸರಣಾ ವರದಿ ಸಲ್ಲಿಸಲು.
4. ಜನಾಬ್ ಇನಾಯತುಲ್ಲಾ, ಅತ್ತರು ವ್ಯಾಪಾರಿ, ಶಿರಾ: ಇನ್ನು ಮುಂದೆ ಎರಡು ಹನಿಯ ಬದಲು ನಾಲ್ಕು ಹನಿ.
5. ಉಗ್ರಾಣಪಾಲಕರು, ಐ.ಡಿ.ಹಳ್ಳಿ: ಸೋಮವಾರ ಯಾರೂ ಬರುವುದಿಲ್ಲ, ಕಾಯತಕ್ಕದ್ದಲ್ಲ.
6. ಶ್ರೀಮತಿ ಸಿದ್ದಗಂಗಮ್ಮ, ಮೊಕ್ಕಾಂ ಶಿರಾ: 'ನಾಳೆ ಹೇಳಿದರಾಯಿತು' ಎಂದು ಬಾಕಿ ಇಟ್ಟಿರುವ ಇತರ ವಿಷಯಗಳಿದ್ದಲ್ಲಿ (ಗೊರಕೆ ಇತ್ಯಾದಿ) ಏಳು ದಿನದೊಳಗೆ ಲಿಖಿತವಾಗಿ ತಿಳಿಸಲು. ಬೇಗ ಬರಲು ಸಹ.
7. ಶ್ರೀಮತಿ ಚಿಕ್ಕಹನುಮಕ್ಕ, ಡಿ ಗ್ರೂಪ್ ನೌಕರರು, ಮಧುಗಿರಿ: ಐ.ಡಿ.ಹಳ್ಳಿಗೆ ಹೋಗತಕ್ಕದ್ದಲ್ಲ. ಮಧ್ಯಾಹ್ನ ಅತ್ತೆಗೆ ಊಟ ಮಾಡಿಸಿ ನಿಧಾನವಾಗಿ ಬರತಕ್ಕದ್ದು. ಟವೆಲ್ ಹುಡುಕತಕ್ಕದ್ದಲ್ಲ, ಅದನ್ನು ನಾನೇ ಒಗೆದು ಒಣಹಾಕಿದ್ದೇನೆ.