ಎಳ್ಳ ಅಮಾವಾಸ್ಯೆಗೆ ಖಾಲಿಯಾದ ಮನೆಗಳು

ನಮ್ಮ ಮನೆತನದ ಬಾಡಿಗೆ ಮನೆಗಳ ಆಡಳಿತವನ್ನು ನಾನೊಬ್ಬನೇ ಆಧುನಿಕಗೊಳಿಸಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮುಂದಿನವರಿಗೆ ಉಪಯೋಗವಾಗಲಿ ಎಂಬುದಷ್ಟೇ ಉದ್ದೇಶ.

ಒಟ್ಟು ಏಳು ಮನೆ. ರಾಯಚೂರಿನಲ್ಲಿ ನಾಲ್ಕು, ಅದರಲ್ಲೊಂದರಲ್ಲಿ ನಾವೇ ಇದ್ದೇವೆ. ದೇವದುರ್ಗದಲ್ಲಿ ಎರಡು, ಮಾನ್ವಿಯಲ್ಲಿ ಒಂದು. ಮಾನ್ವಿಯದು ನಮ್ಮವ್ವ ಮುಂದೆ ನಿಂತು ಕಟ್ಟಿಸಿದ ಮನೆ. ವರ್ಷದಿಂದ ಖಾಲಿ ಬಿದ್ದಿತ್ತು. ಅಕ್ಕಿ ಗಿರಣಿ ನಡೆಸುವ ನಮ್ಮಣ್ಣ ಒಂದು ದಿನ ಬಂದು ಕಡ್ಡಿ ಮುರಿದಂತೆ ಹೇಳಿದ.

"ತಮ್ಮಾ, ಸಂಕ್ರಾಂತಿಯೊಳಗ ಅದಕ್ಕ ಬಾಡಿಗಿಯವ್ರನ್ನ ನೋಡು. ಇಲ್ಲಂದ್ರ ಮಾರಿ ಬಿಡೋಣು. ಮತ್ತ, ಯಾರರ ಒಬ್ಬ ಮ್ಯಾನೇಜರ್‌ನ ಇಡು. ನಿನ್ನ ಕೈಲೆ ಆಗೂದಿಲ್ಲ."

ಕೊನೆಯ ಮಾತು ನನ್ನನ್ನು ಕೆರಳಿಸಿತು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಹಾಜರಿ ಕರೆದವನು ನಾನು! ಆದರೂ ಅಣ್ಣನ ಮಾತೆಂದು ಮ್ಯಾನೇಜರ್ ಕೆಲಸಕ್ಕೆ ಇಬ್ಬರನ್ನು ಸಂದರ್ಶಿಸಿದೆ. ಒಬ್ಬರು ನನ್ನ ಮೊದಲನೇ ಪ್ರಶ್ನೆ ಮುಗಿಯುವ ಮುನ್ನ ಎದ್ದು ಹೋದರು. ಇನ್ನೊಬ್ಬರು ಚಹಾ ಕುಡಿದು ಹೋದರು. ಕೊನೆಗೆ ಒಂದು ಸಾಫ್ಟ್‌ವೇರ್ ಕೊಂಡು, ಮ್ಯಾನೇಜರ್ ಎಂದಿದ್ದ ಜಾಗದಲ್ಲಿ ನನ್ನ ಹೆಸರನ್ನೇ ತುಂಬಿದೆ.

"ಅಷ್ಟೂ ಮನಿ ಮಂದೀನ ಇಷ್ಟು ದಿನ ನಾನೇ ಫೋನ್ ಮಾಡಿ ಮಾತಾಡ್ಸಾಕತ್ತೀನಲ್ರೀ," ಎಂದಳು ಹೆಂಡತಿ ಗಿರಿಜಾ. "ಅದು ಸಾಲಂಗಿಲ್ಲೇನು?"

"ಅದು ಹರಟಿ. ಇದು ಆಡಳಿತ," ಎಂದೆ.

ಮೊದಲು, ಮಾನ್ವಿ ಮನೆ ಕೇಳುವವರಿಗೆಂದು ಮೂವತ್ತೆರಡು ಪ್ರಶ್ನೆಗಳ ಅರ್ಜಿ ನಮೂನೆಯೊಂದನ್ನು ಆನ್‌ಲೈನಿನಲ್ಲಿ ಹಾಕಿದೆ. ಒಬ್ಬರೂ ತುಂಬಲಿಲ್ಲ. ಜನರ ಮಟ್ಟವೇ ಕುಸಿದಿದೆ ಎಂದುಕೊಂಡೆ. ಆ ಸಾಫ್ಟ್‌ವೇರಿನಲ್ಲಿ ನನ್ನ ಮನಸೆಳೆದದ್ದು ಹಾಜರಿ. ಬೆಳಿಗ್ಗೆ ಅದು ಪ್ರತಿ ಮನೆಯವರ ಫೋನಿಗೂ "ಮನೆಯಲ್ಲಿ ಇದ್ದೀರಾ?" ಎಂದು ಕೇಳುತ್ತದೆ. ಸಂಜೆಯೊಳಗೆ ಉತ್ತರ ಬಾರದಿದ್ದರೆ ಮನೆ ಖಾಲಿಯೆಂದು ತಿಳಿದು, ತಾನೇ ಊರಿಗೆಲ್ಲ ಜಾಹೀರಾತು ಕೊಡುತ್ತದೆ.

ಹಾಜರಿ ಶುರುಮಾಡಲು ಒಳ್ಳೆಯ ದಿನ ಬೇಕಲ್ಲ? ಹಬ್ಬದ ದಿನ ಎಲ್ಲರಿಗೂ ಬಿಡುವಿರುತ್ತದೆ ಎಂದು ಎಳ್ಳ ಅಮಾವಾಸ್ಯೆಯನ್ನೇ ಆರಿಸಿದೆ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು! ಅವತ್ತು ಇಲ್ಲಿ ಮನೆಯಲ್ಲಿ ಇರುವವರಾದರೂ ಯಾರು? ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಉಂಡು ಬರುವ ಹಬ್ಬ ಅದು. ಹೊಲ ಇಲ್ಲದವರು ಗೆಳೆಯರ ಹೊಲಕ್ಕೆ ಹೋಗುತ್ತಾರೆ. ನಮ್ಮ ಬಾಡಿಗೆಯವರೆಲ್ಲ ಹೋದರು. ಫೋನು ಒಯ್ದವರ ಕೈಯಲ್ಲೂ ರೊಟ್ಟಿ ಇತ್ತು. ನಾವೂ ಚಂದ್ರಬಂಡದ ಬೀಗರ ಹೊಲಕ್ಕೆ ಹೋದೆವು. ಚಾರ್ಜಿಗೆ ಹಾಕಿದ್ದ ನನ್ನ ಫೋನು ಮನೆಯಲ್ಲೇ ಉಳಿಯಿತು. ನಾನು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಹೊಡೆದು, ಗಿಡದ ನೆರಳಲ್ಲಿ ಗಡದ್ದಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಹನ್ನೊಂದು ಜನ.

"ಮನಿ ಖಾಲಿ ಅದ ಅಂತಲ್ರೀ. ನೋಡಾಕ ಬಂದೀವಿ."

"ಯಾವ ಮನಿ?"

"ಇದಾ ರೀ."

ಫೋನು ತೋರಿಸಿದರು. ನಮ್ಮದೇ ಮನೆಯ ಫೋಟೋ. ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತು ನಾನು ಪೇಪರ್ ಓದುತ್ತಿದ್ದೆ. ಕೆಳಗೆ "ತಕ್ಷಣ ಲಭ್ಯ" ಎಂದು ಬರೆದಿತ್ತು. ಹಾಜರಿ ಕೊಡದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಅಷ್ಟರಲ್ಲಿ ದೇವದುರ್ಗದ ಮನೆಯಲ್ಲಿರುವ ಮುದುಕಿ ಶಿವಮ್ಮನ ಫೋನು. "ಯಪ್ಪಾ, ನಾ ಒಲಿ ಮುಂದ ಕುಂತೀನಿ. ಯಾರೋ ಬಂದು ಅಡಗಿಮನಿ ಅಳತಿ ತಗೊಳ್ಳಾಕತ್ತಾರ. ನನ್ನನ್ನೂ ಸೇರಿಸೇ ಬಾಡಿಗಿಗಿ ಕೊಟ್ಟೀಯೇನು?"

ಬೆನ್ನಿಗೇ ಅಣ್ಣನ ಫೋನು. ಜಾಹೀರಾತು ಅವನಿಗೂ ತಲುಪಿತ್ತು. "ಸಂಕ್ರಾಂತಿ ತನಕ ಯಾಕೋ? ನಾಳಿನೇ ಮಾರೋಣು."

ಅವ್ವನ ಮನೆ ಕೈಬಿಟ್ಟಿತೆಂದು ಕಣ್ಣು ತುಂಬಿ ಬಂದವು. ಮ್ಯಾನೇಜರ್ ಎನಿಸಿಕೊಂಡ ನಾನು ಹೋಗಿ ಮೂಲೆಯಲ್ಲಿ ಕುಳಿತೆ.

ಗಿರಿಜಾ ಮಾತ್ರ ಬಂದವರನ್ನೆಲ್ಲ ಕೂರಿಸಿ, ಉಳಿದಿದ್ದ ಎಳ್ಳು ಹೋಳಿಗೆ ಕೊಟ್ಟು, ಒಬ್ಬೊಬ್ಬರನ್ನೇ ವಿಚಾರಿಸಿದಳು. ಯಾವ ಓಣಿಯಲ್ಲಿ ಯಾರ ಮನೆ ನಿಜವಾಗಿ ಖಾಲಿ ಇದೆ ಎಂಬುದು ಅವಳಿಗೆ ಬಾಯಿಪಾಠ. ಒಬ್ಬೊಬ್ಬರನ್ನೂ ಅಲ್ಲಿಗೆ ಕಳಿಸಿದಳು. ಕೊನೆಗೆ ಒಬ್ಬ ನರ್ಸ್ ಉಳಿದಳು.

"ಅಕ್ಕಾ, ನನಗ ಮಾನ್ವಿಗಿ ವರ್ಗ ಆಗ್ಯದ. ಅಲ್ಲಿ ಮನಿ ಸಲುವಾಗಿ ಹೋದ ವಾರನೂ ನೋಡಿದ್ದೆ. ಮೂವತ್ತೆರಡು ಪ್ರಶ್ನಿ ಕೇಳ್ತದ. ಹತ್ತನೇತ್ತಿ ಗಣಿತದ ಮಾರ್ಕ್ಸ್ ಯಾಕ ಬೇಕ್ರೀ ಬಾಡಿಗಿ ಮನಿಗಿ?"

ಗಿರಿಜಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

"ಎಷ್ಟು ಮಂದಿ ಇರ್ತೀರವ್ವಾ?"

"ನಾನು, ನಮ್ಮವ್ವ."

"ಅಂಗಳದಾಗ ನಮ್ಮತ್ತಿ ಹಚ್ಚಿದ ಕರಿಬೇವಿನ ಗಿಡ ಅದ. ನೀರು ಹಾಕ್ತೀರೇನು?"

"ಹಾಕ್ತೀನ್ರೀ ಅಕ್ಕಾ."

ಗಿರಿಜಾ ಬೀಗದ ಕೈ ಕೊಟ್ಟುಬಿಟ್ಟಳು. ಎರಡೇ ಪ್ರಶ್ನೆ!

ಅವ್ವನ ಮನೆ ಉಳಿಯಿತು. ಸಂಕ್ರಾಂತಿಗೆ ಮೊದಲೇ ಏಳಕ್ಕೆ ಏಳೂ ಭರ್ತಿ. ನನ್ನ ಸಾಫ್ಟ್‌ವೇರಿನ ದಿಗ್ವಿಜಯವನ್ನು ಅಣ್ಣನೆದುರು ಎದೆಯುಬ್ಬಿಸಿ ಸಾರಿದೆ.

"ಖರೇ ಅದ," ಎಂದ ಅಣ್ಣ. "ನೀ ಇಷ್ಟು ಕೆಡಿಸದಿದ್ರ ಆ ಹುಡುಗಿ ಗಿರಿಜಾನ ತನಕ ಬರ್ತಿದ್ದಿಲ್ಲ."

ಈಗ ಮ್ಯಾನೇಜರ್ ಗಿರಿಜಾ. ಅಧಿಕಾರಕ್ಕೆ ಬಂದ ದಿನವೇ ಎಲ್ಲರ ಹಾಜರಿ ರದ್ದು ಮಾಡಿಸಿದಳು, ನನ್ನದೊಂದನ್ನು ಬಿಟ್ಟು. ದಿನಾ ಬೆಳಿಗ್ಗೆ ಫೋನು "ಮನೆಯಲ್ಲಿ ಇದ್ದೀರಾ?" ಎಂದು ಕೇಳುತ್ತದೆ. ಕಟ್ಟೆಯ ಮೇಲೆ ಕೂತು "ಇದ್ದೇನೆ" ಎಂದು ಒತ್ತುತ್ತೇನೆ. "ನಿಮ್ಮ ಉತ್ತರ ಮ್ಯಾನೇಜರ್ ಅವರ ಪರಿಶೀಲನೆಯಲ್ಲಿದೆ" ಎಂದು ಬರುತ್ತದೆ. ಮೂರು ವಾರವಾಯಿತು. ಮ್ಯಾನೇಜರ್ ಒಳಗೆ ಒಗ್ಗರಣೆ ಹಾಕುತ್ತಿದ್ದಾರೆ. ನಾನು ಈ ಮನೆಯಲ್ಲಿ ಇದ್ದೇನೆಂಬುದು ಇನ್ನೂ ಮಂಜೂರಾಗಿಲ್ಲ.