ನಮ್ಮ ಮನೆಯಲ್ಲಿಲ್ಲದ ಅಕ್ಷರ

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸಲು ಕೂತ ಹೆಂಗಸಿಗೆ ತನ್ನ ಕಣ್ಣಿನ ಮೇಲೆ ವಿಪರೀತ ಅಭಿಮಾನ ಬಂದುಬಿಡುತ್ತದೆ. ತಪ್ಪೆಲ್ಲ ಅಕ್ಕಿಯದು, ಕಂಡುಹಿಡಿಯುವವಳು ನಾನು ಅನ್ನುವ ಠೀವಿ. ಆವತ್ತು ಸಂಜೆ ಅದೇ ಠೀವಿಯಲ್ಲಿದ್ದಾಗ ಮಗಳ ಮಿಸ್ಸಿನ ಫೋನು ಬಂತು. ಆಕೆ ತರೀಕೆರೆಯಿಂದ ದಿನಾ ಬಸ್ಸಿನಲ್ಲಿ ನಮ್ಮ ಅಜ್ಜಂಪುರಕ್ಕೆ ಬಂದು ಪಾಠ ಮಾಡುವ ಹುಡುಗಿ. ಊರಿಗೆ ಹೊರಟ ಬಸ್ಸಿನಲ್ಲಿ ಕೂತೇ ಮಾತಾಡುತ್ತಿದ್ದಳು. "ನೀವು ಕಳಿಸಿದ ಆಡಿಯೋ ಕೇಳ್ದೆ. ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು" ಅಂದಳು. ಹಾಗೆಂದು ಶುರುವಾದ ಯಾವ ಮಾತು ತಾನೇ ಬೇಜಾರಿಲ್ಲದೆ ಮುಗಿದಿದೆ?

ಮೊದಲು ಆ ಆಡಿಯೋದ ಕಥೆ ಹೇಳಬೇಕು. ಮಗಳ ಹೆಸರು ಹೇಮಾವತಿ, ಒಂದನೇ ಕ್ಲಾಸು. ಪುಷ್ಯ ನಕ್ಷತ್ರದಲ್ಲಿ ಹುಟ್ಟಿದವಳು, ಹೆಸರು 'ಹೇ' ಅಕ್ಷರದಿಂದಲೇ ಶುರುವಾಗಬೇಕೆಂದು ಜೋಯಿಸರು ಹೇಳಿದ್ದರು, ಹಾಗೇ ಇಟ್ಟೆವು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಅವಳನ್ನು ಸ್ಲೇಟಿನೊಂದಿಗೆ ಕೂರಿಸಿಕೊಳ್ಳುವುದು ನನ್ನ ನೇಮ. ಸರಸ್ವತಿ ಎದುರಿಗಿದ್ದರೆ ವಿದ್ಯೆ ಹತ್ತುತ್ತದೆ ಎಂದು ನನ್ನ ನಂಬಿಕೆ. ಹತ್ತಿದ್ದು ನನಗೆ ಪಿತ್ತ.

"ಆಲು ಅಂತ ಬರಿ."

ಅವಳು 'ಆಲು' ಎಂದು ಬರೆದಳು.

"ಅದಲ್ಲ ಕಣೇ, ಸರ್ಯಾಗ್ ಕೇಳಿಸ್ಕೋ. ಆ...ಲು. ಅಸು ಕೊಡ್ತದಲ್ಲ, ಆ ಆಲು."

"ಅದೇ ಬರ್ದಿದೀನಲ್ಲಮ್ಮ."

"ಎದುರುತ್ತರ ಬೇರೆ ಕೊಡ್ತೀಯಾ!" ಎಂದು ಅಳಿಸಿದೆ. ಅವಳು ಮತ್ತೆ ಅದನ್ನೇ ಬರೆದಳು. ಮತ್ತೆ ಅಳಿಸಿದೆ. ಕೊನೆಗೆ ಕೈಯಲ್ಲಿದ್ದ ಸೌಟಿನ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದು ಬಿಟ್ಟೆ. ಕೂಸು ಅಳಲಿಲ್ಲ. ಬೆರಳನ್ನು ಬಾಯಿಯ ಹತ್ತಿರ ಹಿಡಿದು "ಹಾ... ಹಾ..." ಎಂದು ಊದಿಕೊಂಡಿತು. ಆಮೇಲೆ ಸ್ಲೇಟನ್ನು ಮಂಚದ ಕೆಳಕ್ಕೆ ತಳ್ಳಿ, "ನಂಗೆ ಬರಲ್ಲ ಬಿಡು. ನಾನು ದಡ್ಡಿ" ಎಂದು ಎದ್ದುಹೋಯಿತು. ಅಲ್ಲಿಂದಾಚೆಗೆ ಪುಸಲಾಯಿಸಿದರೂ ಇಲ್ಲ, ಗದರಿಸಿದರೂ ಇಲ್ಲ, ಬಳಪ ಮುಟ್ಟಲಿಲ್ಲ. ಶಾಲೆಯಲ್ಲೂ ಕೈಕಟ್ಟಿ ಕೂರತೊಡಗಿದಳಂತೆ.

ನನ್ನ ಬಾಯಿಂದ ಇದೆಲ್ಲ ಕೇಳಿದ ಮಿಸ್ಸು, ಹೊಡೆದು ಬಡಿದು ಮಾಡಬೇಡಿ, ಪದಗಳನ್ನು ಫೋನಿನಲ್ಲಿ ಹೇಳಿ ನನಗೂ ಕಳಿಸಿ, ಮಗು ಆಟವಾಡುತ್ತಾ ಕೇಳಲಿ ಎಂದಿದ್ದಳು. ನಾನು ದೇವರಿಗೆ ಕೈಮುಗಿದು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿ ಕಳಿಸಿದೆ. ಅದು ಮಿಸ್ಸೊಬ್ಬಳಿಗೇ ಹೋಗುವ ಬದಲು, ಆಕೆಯೂ ಇದ್ದ ಕ್ಲಾಸಿನ ತಾಯಂದಿರ ಫೋನ್ ಗುಂಪಿಗೆಲ್ಲ ಹೋಯಿತು. ಯಾರೂ ನಗಲಿಲ್ಲ. ಕೆಲವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಮೆಚ್ಚಿಕೊಂಡರು. ಅವರ ಕಿವಿಯೂ ನನ್ನ ಬಾಯಿಯಂಥದ್ದೇ ಎಂಬುದು ದೇವರು ಕರುಣಿಸಿದ ಒಂದು ಉಪಕಾರ.

"ಮಗು ತಪ್ಪೇನೂ ಬರ್ದಿಲ್ಲ ಕಣ್ರೀ" ಅಂದಳು ಮಿಸ್ಸು. "ನೀವು ಹೇಳಿದ್ದನ್ನ ಒಂದಕ್ಷರ ಬಿಡದ ಹಾಗೆ ಬರ್ದಿದಾಳೆ. ಬಿಟ್ಟಿರೋದು ನೀವು."

"ನಾನೇನ್ ಬಿಟ್ಟೆ ಮಿಸ್?"

"ಹ."

"ಅದನ್ನೇ ಅಲ್ವಾ ನಾನೂ ಏಳ್ತಿರೋದು?"

ಕಂಡಕ್ಟರನ ಕೂಗಿನ ನಡುವೆಯೇ ಆಕೆ ನನ್ನ ಆಡಿಯೋವನ್ನು ನನಗೇ ಹಾಕಿ ಕೇಳಿಸಿದಳು. ಆಲು, ಊವು, ಅಸು, ಅಣ್ಣು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಬಿಟ್ಟಿದ್ದರೂ ನಮ್ಮ ಕಡೆಯ ಭೂಮಿ, 'ಹ' ಅನ್ನುತ್ತಿರಲಿಲ್ಲ.

ನನ್ನ ತವರು ಎಮ್ಮೆದೊಡ್ಡಿ ಕಡೆ. ಅಲ್ಲಿ ದನಗಳೂ 'ಹೋ' ಅಂದರೆ ತಿರುಗಿ ನೋಡುವುದಿಲ್ಲ, 'ಓ' ಅನ್ನಬೇಕು. ಶನಿವಾರ ಶನಿವಾರ ತಪ್ಪದೆ "ಅನುಮಂತರಾಯ ಕಾಪಾಡಪ್ಪಾ" ಎಂದು ಬೇಡಿಕೊಂಡಿದ್ದೇನೆ, ಅದು ಯಾರಮ್ಮ ಎಂದು ಆ ಸ್ವಾಮಿ ಒಂದು ದಿನವೂ ಕೇಳಲಿಲ್ಲ. ದೇವರು ಅರ್ಥ ಮಾಡಿಕೊಂಡ. ನಾನು ಮಾತ್ರ ಆರು ವರ್ಷದ ಕೂಸು ಕೇಳಿದಂತೆ ಬರೆದದ್ದಕ್ಕೆ ಗೆಣ್ಣಿಗೆ ಹೊಡೆದೆ. ಆಗ ಅದು ಊದಿಕೊಂಡಿತಲ್ಲ 'ಹಾ... ಹಾ...' ಎಂದು, ನಮ್ಮ ಮನೆಯಲ್ಲಿ ಆ ಅಕ್ಷರವನ್ನು ಅಷ್ಟು ಸ್ಪಷ್ಟವಾಗಿ ಯಾರೂ ಉಚ್ಚರಿಸಿರಲಿಲ್ಲ. ಅದು ನೆನಪಾಗಿ ಮೊರದ ಅಕ್ಕಿ ಕಣ್ಣಿಗೆ ಮಂಜಾಯಿತು.

ಅಂಗಳದಲ್ಲಿ ಆಡುತ್ತಿದ್ದವಳನ್ನು ಕರೆದೆ. ಬಂದವಳು ಮೊದಲು ನನ್ನ ಕೈ ನೋಡಿದಳು, ಸೌಟು ಇದೆಯೋ ಎಂದು.

"ತಪ್ಪು ನಂದೇ ಕಣವ್ವ. ನೀನು ಸರಿಯಾಗೇ ಬರ್ದಿದ್ದೆ. ಇಸ್ಕೂಲಲ್ಲಿ ಆಲು ಅನ್ನೋದನ್ನ ಎಂಗ್ ಬರೀತಿದ್ದೆ?"

"ಹಾಲು ಅಂತ. ಅದು ಇಸ್ಕೂಲ್ ಹಾಲು. ನಮ್ಮನೇದು ಆಲು."

"ಎರಡೂ ಒಂದೇ ಕಣೇ. ನಂಗೇ ಬಾಯಿ ತಿರುಗಲ್ಲ. ನೀನೇ ಏಳ್ಕೊಡು."

ಅವಳು ಕ್ಲಾಸಿನಲ್ಲಿ ಕಲಿತ ಉಪಾಯದಂತೆ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದಳು. "ಅನ್ನು. ಗಾಳಿ ಬರ್ಬೇಕು."

"ಆ."

"ಬರ್ಲಿಲ್ಲ."

"ಆ."

"ಊಹೂಂ. ಹೊಟ್ಟೆಯಿಂದ ಬಿಡಮ್ಮ."

ಒಲೆ ಊದುವ ಹಾಗೆ ಊದಿ "ಹಾ!" ಅಂದೆ. "ಬಂತು, ಬಿಸಿ ಬಂತು!" ಎಂದು ಕುಣಿದಳು. ಕುಣಿದವಳು ತಾನೇ ಮಂಚದ ಕೆಳಗೆ ತೂರಿ ಸ್ಲೇಟು ಎಳೆದು ತಂದು, ಸ್ಲೇಟಿನ ತುಂಬ ದೊಡ್ಡದಾಗಿ ಒಂದು 'ಹ' ಬರೆದಳು. ನಾನು ಮನಸ್ಸಿನಲ್ಲೇ ಸರಸ್ವತಿಗೆ ಅಡ್ಡಬಿದ್ದೆ.

ಬಂದ ವಿದ್ಯೆಯನ್ನು ಪರೀಕ್ಷೆ ಮಾಡೋಣವೆಂದು, ಜಗಲಿಯಲ್ಲಿ ಒರಗಿದ್ದ ಯಜಮಾನರಿಗೆ "ರೀ, ಹೇಳಿ, ಕಾಫಿ ಕಾಯಿಸ್ತೀನಿ" ಅಂದೆ. ನಾನು ಅಂದದ್ದು ಏಳಿ ಎಂದು. ಅವರು ಕಣ್ಣು ಬಿಡದೆ, "ಏನೇಳ್ಲೇ?" ಅಂದರು. ಬೇಕಾದ ಕಡೆ ಬಾರದ ಅಕ್ಷರ ಬೇಡದ ಕಡೆ ಓಡಿ ಬರುತ್ತದೆ.

ಹಾಲು ಒಲೆಗಿಟ್ಟು ಬಂದು, ಸೌಟನ್ನು ಮಗಳ ಕೈಗೆ ಕೊಟ್ಟು, ನನ್ನ ಬೆರಳು ಮುಂದೆ ಚಾಚಿದೆ. "ನೀನೂ ಒಂದು ಕೊಡು. ಲೆಕ್ಕ ಸರಿ ಓಗ್ಲಿ."

ಅವಳು ಸೌಟನ್ನೂ ಬೆರಳನ್ನೂ ನೋಡಿ, ಮಿಸ್ಸಿನ ಹಾಗೇ ತಲೆ ಆಡಿಸಿ, "ಬೇಡ, ನೀನಿನ್ನೂ ಕಲೀತಿದೀಯ" ಅಂದಳು.

ಅಷ್ಟರಲ್ಲಿ ಒಳಗೆ ಚುರ್ರೆಂದಿತು. "ಅಯ್ಯೋ, ಆಲು ಉಕ್ತು!" ಎಂದು ಓಡಿದೆ.

"ಹಾಲು ಕಣಮ್ಮಾ!" ಎಂದು ಹಿಂದಿನಿಂದ ಕೂಗಿದಳು.

ಯಾವ ಅಕ್ಷರದಲ್ಲಿ ಉಕ್ಕಿದರೂ ಒರೆಸುವವಳು ನಾನೇ ತಾನೆ. ಮಸಿಬಟ್ಟೆ ಹಿಡಿದು ಕೂತೆ.