ಮೊರಿಬ್ ತೀರಕ್ಕೆ ಒಂಬತ್ತು ಗಂಟೆಯ ದೋಣಿ

ದಾಮೋದರ ಕನ್ನಡ ಸಂಘದ ಅರವತ್ತು ಮಂದಿಗೂ ಸುಳ್ಳು ಹೇಳಿದ್ದ. ದೋಣಿಯವನೊಬ್ಬನಿಗೆ ಮಾತ್ರ ನಿಜ ಹೇಳಿದ್ದ. ಆ ಭಾನುವಾರದ ತೊಂದರೆಯೆಲ್ಲ ಶುರುವಾದದ್ದು ಆ ಒಂದು ನಿಜದಿಂದ.

ಸುಳ್ಳು ಅಂಥ ದೊಡ್ಡದೇನಲ್ಲ. ನಮ್ಮ ಜನ ಒಂಬತ್ತಕ್ಕೆ ಬರಬೇಕಿದ್ದರೆ ವಾಟ್ಸಾಪ್‌ನಲ್ಲಿ ಏಳಕ್ಕೆ ಬನ್ನಿ ಎಂದು ಹಾಕಬೇಕು. ಇದು ಹಾಕುವವನಿಗೂ ಗೊತ್ತು, ಓದುವವರಿಗೂ ಗೊತ್ತು. ಗೊತ್ತಿದ್ದೇ ಎಲ್ಲರೂ ಸರಿಯಾಗಿ ಒಂಬತ್ತಕ್ಕೆ ಬರುತ್ತಾರೆ.

ಕಡಲಾಚೆಯ ಈ ದೇಶದ ನಿಲಾಯ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಲ್ಯಾಬ್ ನೋಡಿಕೊಳ್ಳುವ ದಾಮೋದರ ಮೂರು ವರ್ಷದಿಂದ ಸಂಘದ ಕಾರ್ಯದರ್ಶಿ. ಅವನನ್ನು ಯಾರೂ ಆರಿಸಿದ್ದಲ್ಲ. ಆಯ್ಕೆಯ ಸಭೆಗೆ ಹೇಳಿದ ಹೊತ್ತಿಗೆ ಬಂದವನು ಅವನೊಬ್ಬನೇ. ಮನೆಗೆ ಬೀಗ ಹಾಕಿ, ಲಿಫ್ಟ್‌ನಿಂದ ಮೂರು ಸಲ ವಾಪಸ್ ಬಂದು ಎಳೆದು ನೋಡುವ ಮನುಷ್ಯನಿಗೆ ಅರವತ್ತು ಜನರ ಊಟ, ಬಸ್ಸು, ಮೈಕು ಎಂದರೆ ಅರವತ್ತು ಬೀಗ ಇದ್ದ ಹಾಗೆ. ಈ ಸಲ ಅಧ್ಯಕ್ಷೆ ವಾರಿಜಾಕ್ಷಿ ಮಾತು ಕೊಟ್ಟಿದ್ದರು.

"ದಾಮೋದರ್, ಈ ಪ್ರೋಗ್ರಾಮ್ ಒಂದೇ ಒಂದು ತಪ್ಪಿಲ್ಲದೆ ಮಾಡಿಕೊಡಿ. ಮುಂದಿನ ವರ್ಷ ನಿಮ್ಮನ್ನ ಬಿಟ್ಟುಬಿಡ್ತೀನಿ. ದೇವರಾಣೆ."

ಪ್ರೋಗ್ರಾಮ್ ಎಂದರೆ ಯುದ್ಧ, ಅಂದರೆ ಯುದ್ಧದ ನಾಟಕ. ಸಾವಿರದ ಒಂಬೈನೂರ ನಲವತ್ತೈದರ ಸೆಪ್ಟೆಂಬರಿನಲ್ಲಿ ಬ್ರಿಟಿಷರ ಸೈನ್ಯ, ಅದರೊಳಗೆ ನಮ್ಮ ಭಾರತದ ಸಿಪಾಯಿಗಳು ಸಾವಿರಗಟ್ಟಲೆ, ಜಪಾನೀಯರನ್ನು ಓಡಿಸಲು ಸಮುದ್ರದಿಂದ ಬಂದು ಇದೇ ಮೊರಿಬ್ ತೀರದಲ್ಲಿ ಇಳಿದಿತ್ತು. ತಿಂಗಳುಗಟ್ಟಲೆ ಹಾಕಿದ ಯೋಜನೆ ಅದು. ಹೊರಡುವ ಹೊತ್ತಿಗೆ ಜಪಾನ್ ಶರಣಾಗಿಯೇ ಬಿಟ್ಟಿತ್ತು. ಆದರೂ ಯೋಜನೆ ಆಗಿದೆಯಲ್ಲ ಎಂದು ಇಳಿದೇ ಇಳಿದರು. ಮಗಳು ಶ್ರೀಯಾಳ ಶಾಲೆಯ ಪ್ರಾಜೆಕ್ಟ್‌ಗೆಂದು ಇದನ್ನೆಲ್ಲ ಓದಿದ ದಾಮೋದರನಿಗೆ ಆ ಸೈನ್ಯ ತನ್ನ ಸಂಬಂಧಿಕರಂತೆ ಕಂಡಿತು.

ಅವನ ನೆಮ್ಮದಿ ಕೆಡಿಸಿದ್ದು ಒಂದೇ ಸಂಗತಿ. ವಿಮಾನದಿಂದ ತೆಗೆದ ಫೋಟೋಗಳಲ್ಲಿ ಗಟ್ಟಿ ಮರಳಿನಂತೆ ಕಂಡ ನೆಲ ಕೆಳಗೆ ಬರೀ ಕೆಸರಾಗಿತ್ತಂತೆ. ಲಾರಿ, ಜೀಪುಗಳೆಲ್ಲ ಹೂತುಹೋದವಂತೆ.

"ನಮ್ಮ ಸೈನ್ಯ ಹೂತ್ಕೊಳ್ಳಬಾರದು" ಎಂದು ದಾಮೋದರ ನಿಶ್ಚಯಿಸಿದ. ಆ ಭಾನುವಾರ ಉಬ್ಬರ ತುಂಬುವುದು ಒಂಬತ್ತೂವರೆಗೆ. ಆಗ ದೋಣಿ ತೀರದ ಮೆಟ್ಟಿಲಿನವರೆಗೂ ತೇಲಿ ಬರುತ್ತದೆ. ಮೂರು ವೆಬ್‌ಸೈಟ್ ನೋಡಿ, ಮೂರರ ಸರಾಸರಿ ತೆಗೆದು, ಅದನ್ನು ಲ್ಯಾಮಿನೇಟ್ ಮಾಡಿಸಿದ.

ಕಷ್ಟವಾದದ್ದು ಶತ್ರುಗಳನ್ನು ಹುಡುಕುವುದು. ಗಂಡಸರೆಲ್ಲ ಬ್ರಿಟಿಷ್ ಕಡೆ ಸೇರಿಬಿಟ್ಟರು. ಮಹಿಳಾ ವಿಭಾಗವೇ ಜಪಾನ್ ಆಗಬೇಕಾಯಿತು.

"ನಾನು ಶರಣಾಗೋದಾ?" ಎಂದರು ವಾರಿಜಾಕ್ಷಿ. "ಇಪ್ಪತ್ತಾರು ವರ್ಷದಲ್ಲಿ ನಮ್ಮನೆಯವರಿಗೇ ಶರಣಾಗಿಲ್ಲ ನಾನು!"

"ಚರಿತ್ರೆ ಮೇಡಂ. ನಾನು ಬರೆದದ್ದಲ್ಲ."

"ಸರಿ, ಆಗ್ತೀನಿ. ಆದ್ರೆ ಬಿಸಿಬೇಳೆ ಬಾತ್ ನಮ್ಮ ಕಡೆ ಇರತ್ತೆ. ಗೆದ್ದು ಬಂದೋರಿಗೇ ಊಟ."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಬಂದರು. ಹೆಂಗಸರು, ಮಕ್ಕಳು ಮೊರಿಬ್ ತೀರದಲ್ಲಿ ಬಿಳಿ ಪಂಚೆಯ ಬಾವುಟ ಹಿಡಿದು ನಿಂತರು. ದಾಮೋದರನೂ ಸೇರಿ ಹದಿನಾರು ಜನರ ಸೈನ್ಯ ರಟ್ಟಿನ ಶಿರಸ್ತ್ರಾಣ ಹಾಕಿಕೊಂಡು ಪಕ್ಕದ ಮೀನುಗಾರರ ಧಕ್ಕೆಯಲ್ಲಿ, ದೋಣಿ ಹತ್ತುವ ಕಟ್ಟೆಯ ಮೇಲೆ, ಸಾಲಾಗಿ ನಿಂತಿತು. ದಾಮೋದರನ ಕಣ್ಣು ತುಂಬಿ ಬಂತು. ಧಕ್ಕೆಯಲ್ಲಿ ಎಲ್ಲವೂ ಇತ್ತು, ದೋಣಿಯೊಂದನ್ನು ಬಿಟ್ಟು.

ಒಂಬತ್ತೂಕಾಲಿಗೆ ಅವನು ದೋಣಿಯ ಪಾಕ್ ದಿನ್‌ಗೆ ಫೋನ್ ಮಾಡಿದ. ಆ ಕಡೆ ಲೋಟದ ಸದ್ದು ಕೇಳಿಸಿತು. ಪಾಕ್ ದಿನ್ ಟೀ ಕುಡಿಯುತ್ತಾ, ಇಲ್ಲಿಯವರ ರೂಢಿಯಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಹೇಳಿದ.

"ಬಾಸ್, ವೈ ಸೋ ಅರ್ಲಿ? ಯು ಪೀಪಲ್ ನೈನ್ ಮೀನ್ಸ್ ಇಲೆವೆನ್ ತರ್ಟಿ ಲಾ. ಟೂ ಇಯರ್ಸ್ ಐ ವೇಟ್, ನೌ ಐ ನೋ."

ಏಳರ ಸುಳ್ಳು ಇನ್ನೂ ಹೊಳೆಯದಿದ್ದ ಸಂಘದ ಹಿಂದಿನ ಎರಡು ಪಿಕ್ನಿಕ್‌ನಲ್ಲೂ ಬಿಸಿಲಲ್ಲಿ ಕಾದು ಕಾದು ಪಾಕ್ ದಿನ್ ನಮ್ಮವರ ಗಡಿಯಾರ ಓದುವುದನ್ನು ಕಲಿತಿದ್ದ. ಅದೂ ಅಲ್ಲದೆ ದೋಣಿಯ ಎಂಜಿನ್ ಬಿಚ್ಚಿ ಹರಡಿಕೊಂಡಿದ್ದ. ಬೇರೆ ದೋಣಿಗಳೆಲ್ಲ ಮೀನಿಗೆ ಹೋಗಿದ್ದವು.

ಹತ್ತಾಯಿತು. ಸೈನ್ಯದ ಜನರಲ್, ಧಾರವಾಡದ ಅನಂತಕೃಷ್ಣ, ಮರದ ಕತ್ತಿಯಿಂದ ಬೆನ್ನು ಕೆರೆದುಕೊಳ್ಳುತ್ತಾ ಬಂದ. ವಾರದ ದಿನಗಳಲ್ಲಿ ಅವನು ಸಾಫ್ಟ್‌ವೇರ್ ಮ್ಯಾನೇಜರ್.

"ಏನ್ರೀ ದಾಮೋದರ, ಯುದ್ಧ ಅದನೋ ಇಲ್ಲೋ? ಹೊಟ್ಟಿ ಚುರುಚುರು ಅನ್ಲಿಕತ್ತದ. ಇಲ್ಲೇ ಯಾವುದರ ಮಾಮಕ್ ಖಾನಾವಳಿಯಿಂದ ನಾಕ್ ರೊಟ್ಟಿ ಪೊಟ್ಟಣ ಕಟ್ಟಿಸಿ ತಪಾವ್ ಮಾಡ್ಕೊಂಡ್ ಬರ್ಲೇನು?"

"ಸೈನ್ಯ ಜಾಗ ಬಿಟ್ಟು ಕದಲೋ ಹಾಗಿಲ್ಲ ಸಾರ್."

ಹತ್ತೂವರೆಗೆ ಶತ್ರುಪಕ್ಷದಿಂದ ವಾರಿಜಾಕ್ಷಿಯವರ ಫೋನ್ ಬಂತು. "ಎಲ್ಲಿದೀರಿ? ಶರಣಾಗಕ್ಕೆ ಒಂದೂವರೆ ಗಂಟೆಯಿಂದ ನಿಂತಿದೀವಿ. ಬಾತ್ ಆರಿಹೋಗ್ತಿದೆ. ನೀವು ಬರ್ತೀರೋ, ನಾವೇ ಬಂದು ಶರಣಾಗಿ ಹೋಗಬೇಕೋ?"

ಹನ್ನೊಂದೂ ನಲವತ್ತಕ್ಕೆ ದೋಣಿ ಬಂತು. "ಸಾರಿ ಬಾಸ್, ಟೆನ್ ಮಿನಿಟ್ಸ್ ಲೇಟ್" ಎಂದ ಪಾಕ್ ದಿನ್.

ಮೊರಿಬ್ ಮುಟ್ಟುವ ಹೊತ್ತಿಗೆ ಸಮುದ್ರ ಅಲ್ಲಿರಲಿಲ್ಲ. ದಡದಿಂದ ಇನ್ನೂರು ಮೀಟರ್ ಹಿಂದಕ್ಕೆ ಸರಿದಿತ್ತು. ದೋಣಿಯ ತಳ ಸರಕ್ಕನೆ ಏನಕ್ಕೋ ಉಜ್ಜಿಕೊಂಡು ನಿಂತಿತು. ಮುಂದೆಲ್ಲ ಬಿಸಿಲಿಗೆ ಹೊಳೆಯುವ ನುಣ್ಣನೆಯ ನೆಲ.

"ಯಾರೂ ಇಳೀಬೇಡಿ!" ದಾಮೋದರ ಕೂಗಿದ. "ಅದು ನೋಡಕ್ಕೆ ಮಾತ್ರ ಗಟ್ಟಿ!"

"ಸುಮ್ನಿರ್ರೀ, ರೊಟ್ಟಿ ಹಂಚಿನಂಗ ಅದ" ಎಂದ ಅನಂತಕೃಷ್ಣ, ಬಾತ್‌ನ ದಿಕ್ಕಿಗೆ ಕತ್ತಿ ಚಾಚಿ "ಹರ ಹರ ಮಹಾದೇವ!" ಎಂದು ಹಾರಿಯೇ ಬಿಟ್ಟ. ಮೊಣಕಾಲಿನವರೆಗೆ ಹೂತುಹೋದ. ಜನರಲ್ ಹಾರಿದ ಮೇಲೆ ಸೈನ್ಯ ನಿಲ್ಲುತ್ತದೆಯೇ? ಒಬ್ಬರ ಹಿಂದೊಬ್ಬರು ಹಾರಿದರು. ಎರಡು ನಿಮಿಷದಲ್ಲಿ ಹದಿನೈದು ಜನ ನಾಟಿ ಮಾಡಿದ ಭತ್ತದ ಸಸಿಗಳಂತೆ ಕೆಸರಿನಲ್ಲಿ ಬಾಗಿ ತೂಗುತ್ತಿದ್ದರು. ಅವರನ್ನು ಎಳೆಯಲು ಇಳಿದ ದಾಮೋದರ ಹದಿನಾರನೆಯ ಸಸಿಯಾದ. ದೋಣಿ ತಳ್ಳಲು ಇಳಿದ ಪಾಕ್ ದಿನ್ ಹದಿನೇಳನೆಯವನು.

ದಡದ ಗದ್ದಲದಲ್ಲಿ ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ದಾಮೋದರ ಬಿಳಿ ಬನಿಯನ್ ಬಿಚ್ಚಿ ತಲೆಯ ಮೇಲೆ ಬೀಸಿದ. ಅದನ್ನು ನೋಡಿದ ವಾರಿಜಾಕ್ಷಿ, ಸದ್ಯ ನಾಟಕ ಶುರುವಾಯಿತು ಎಂದುಕೊಂಡು ಬಿಳಿ ಪಂಚೆ ಬೀಸಿದರು. ಇವನು ಇನ್ನೂ ಜೋರಾಗಿ ಬೀಸಿದ. ಅವರೂ ಜೋರಾಗಿ ಬೀಸಿದರು. ಎರಡೂ ಸೈನ್ಯಗಳು ಐದು ನಿಮಿಷ ಬಿಡದೆ ಒಂದಕ್ಕೊಂದು ಶರಣಾದವು.

ಕೊನೆಗೆ ಮೈಕಿನಲ್ಲಿ ಶ್ರೀಯಾಳ ದನಿ ಕೇಳಿತು. "ಅಪ್ಪಾ! ದೇ ಆರ್ ಸಪೋಸ್ಡ್ ಟು ಸರೆಂಡರ್! ನಾಟ್ ಯು!"

"ಶ್ರೀಯಾ, ಹೂತುಹೋಗಿದೀವಿ ಕಣೇ!" ದಾಮೋದರ ಶಕ್ತಿಯೆಲ್ಲ ಹಾಕಿ ಕೂಗಿದ.

ಆಮೇಲೆ ಜಪಾನ್ ಸೈನ್ಯ ತಡಮಾಡಲಿಲ್ಲ. ಸೀರೆ ಎತ್ತಿ ಕಟ್ಟಿ, ಊಟಕ್ಕೆ ಹಾಸಿದ್ದ ಚಾಪೆಗಳನ್ನೆಲ್ಲ ಒಂದರ ಮುಂದೊಂದು ಕೆಸರಿನ ಮೇಲೆ ಹಾಸುತ್ತಾ ಬಂದು, ಬ್ರಿಟಿಷ್ ಸೈನ್ಯವನ್ನು ಒಬ್ಬೊಬ್ಬರಾಗಿ ರಟ್ಟೆ ಹಿಡಿದು ಕಿತ್ತು ದಡಕ್ಕೆ ಸಾಗಿಸಿತು. ಪ್ರತಿಯೊಬ್ಬನಿಗೂ ದಾರಿಯುದ್ದಕ್ಕೂ ಅವನವನ ಹೆಂಡತಿಯಿಂದ ಪ್ರತ್ಯೇಕ ಬೈಗುಳ. ಅನಂತಕೃಷ್ಣನ ಒಂದು ಬೂಟು ಇವತ್ತಿಗೂ ಮೊರಿಬ್ ರಕ್ಷಣೆಗೆ ನಿಂತಿದೆ.

ದಡದಲ್ಲಿ ದಾಮೋದರ ತಲೆ ತಗ್ಗಿಸಿ ಕುಳಿತ. ಒಂದು ತಪ್ಪಿಲ್ಲದೆ ಎಂದಿದ್ದರು. ಎಣಿಸಲು ಹೋದರೆ ಬೆರಳು ಸಾಲುತ್ತಿರಲಿಲ್ಲ. ಇನ್ನೊಂದು ವರ್ಷ ಬಸ್ಸು, ಊಟ, ಮೈಕು.

ಆಗ ಯಾರೋ ಚಪ್ಪಾಳೆ ತಟ್ಟಿದರು. ತೆಂಗಿನ ಮರದ ಕೆಳಗಿನಿಂದ ಬಂದವರು ಚಿಕ್‌ಗು ರಹ್ಮಾನ್, ಊರಿನ ನಿವೃತ್ತ ಚರಿತ್ರೆಯ ಮೇಷ್ಟ್ರು; ಇಲ್ಲಿ ಮೇಷ್ಟ್ರಿಗೆ ಚಿಕ್‌ಗು ಎನ್ನುತ್ತಾರೆ. ಅವರ ಕಣ್ಣು ಒದ್ದೆಯಾಗಿತ್ತು. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದರ ಸಾರ ಇಷ್ಟು: ಪ್ರತಿವರ್ಷ ಶಾಲೆಯ ಮಕ್ಕಳು ಇಲ್ಲಿ ಈ ನಾಟಕ ಆಡುತ್ತಾರೆ, ಠಾಕುಠೀಕಾಗಿ ಓಡಿ ಬರುತ್ತಾರೆ. ಎಲ್ಲ ಸುಳ್ಳು. ತನ್ನ ಅಜ್ಜ ಕಣ್ಣಾರೆ ಕಂಡು ಹೇಳಿದ್ದು ಬೇರೆಯೇ. ಹೂತ ಗಾಡಿಗಳು, ಕಿರುಚಾಟ, ಯಾರು ಗೆದ್ದರು ಎಂದು ತಿಳಿಯದ ಗಲಿಬಿಲಿ. "ಎಂಬತ್ತು ವರ್ಷದಲ್ಲಿ ಇದನ್ನು ಸರಿಯಾಗಿ ಮಾಡಿದವರು ನೀವೊಬ್ಬರೇ. ಒಂದೂ ತಪ್ಪಿಲ್ಲ!"

"ಕೇಳಿಸ್ತಾ?" ವಾರಿಜಾಕ್ಷಿ ಎದ್ದು ನಿಂತರು. "ಒಂದೂ ತಪ್ಪಿಲ್ಲ! ಕೊಟ್ಟ ಮಾತು ಕೊಟ್ಟಿದ್ದೇ. ದಾಮೋದರ್, ಮುಂದಿನ ವರ್ಷ ನೀವು ಕಾರ್ಯದರ್ಶಿ ಅಲ್ಲ!"

ದಾಮೋದರ ಆರಿದ ಬಿಸಿಬೇಳೆ ಬಾತ್‌ನ ತಟ್ಟೆ ತೆಗೆದುಕೊಂಡ. ಅಷ್ಟು ರುಚಿಯಾದ ಬಾತ್ ಅವನು ಜನ್ಮದಲ್ಲಿ ತಿಂದಿರಲಿಲ್ಲ. ನಾಲ್ಕನೆಯ ತುತ್ತು ಬಾಯಿಗೆ ಹೋಗುವಾಗ ವಾರಿಜಾಕ್ಷಿ ಚಿಕ್‌ಗು ಜೊತೆ ಮಾತು ಮುಗಿಸಿ ಓಡಿ ಬಂದರು.

"ದಾಮೋದರ್! ಇನ್ಮೇಲೆ ಪ್ರತಿವರ್ಷ ನಾವೇ ಆಡಬೇಕಂತೆ, ಊರಿನ ಸಮಿತಿ ಜೊತೆ ಸೇರಿ! ನಿಮ್ಮನ್ನ ಖಾಯಂ ನಿರ್ದೇಶಕ ಮಾಡಿದೀನಿ. ಕಾರ್ಯದರ್ಶಿ ಆದ್ರೆ ಪ್ರತಿವರ್ಷ ಆಯ್ಕೆಯ ಸಭೆ ಮಾಡಬೇಕು, ಇದಕ್ಕೆ ಆ ತೊಂದರೆ ಇಲ್ಲ. ಇದೇ ಕೆಸರು, ಇಷ್ಟೇ ಲೇಟು. ಒಂದು ಚೂರೂ ಬದಲಾಗಬಾರದಂತೆ!"

ದಾಮೋದರ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಕೆಸರಾದ ಕೈಯಲ್ಲೇ ಜೇಬಿನ ಟಿಪ್ಪಣಿ ಪುಸ್ತಕ ತೆಗೆದು ಬರೆದ: ದೋಣಿ, ಎರಡು ಗಂಟೆ ನಲವತ್ತು ನಿಮಿಷ ತಡವಾಗಿ, ತಪ್ಪದೆ.

ಬರೆದು ತಲೆ ಎತ್ತಿದರೆ ಎದುರಿಗೆ ಸೊಂಟದವರೆಗೆ ಕೆಸರಾದ ಪಾಕ್ ದಿನ್. ನಾಚಿಕೆಯಿಂದ ಅವನ ಮುಖ ಸಣ್ಣದಾಗಿತ್ತು. ಎದೆಯ ಮೇಲೆ ಕೈಯಿಟ್ಟು, ಅಲ್ಲಾನ ಹೆಸರೆತ್ತಿ ಅವನು ಹೇಳಿದ:

"ವೆರಿ ಸಾರಿ, ಬಾಸ್. ನೆಕ್ಸ್ಟ್ ಇಯರ್ ಐ ಪ್ರಾಮಿಸ್. ನೈನ್ ಮೀನ್ಸ್ ನೈನ್ ಲಾ!"